ಕಾಳು ಹಾಕುವ ಬೀದಿ, ಹಾಕದ ಬೀದಿ: ಬೆಂಗಳೂರಿನಲ್ಲಿ ನಾನು ಹಕ್ಕಿ ಎಣಿಸುವ ಕ್ರಮ

ತಟ್ಟೆಗೆ ಬಂದ ಹಕ್ಕಿಗಳನ್ನಷ್ಟೇ ಎಣಿಸಿದರೆ ಕಾಳು ಹಾಕುವುದರ ಪರಿಣಾಮ ತಿಳಿಯುವುದಿಲ್ಲ. ತಟ್ಟೆಯ ಹತ್ತಿರ ಸುಳಿಯದ ಟುವ್ವಿ ಹಕ್ಕಿ, ಸೂರಕ್ಕಿ, ಮಡಿವಾಳ ಹಕ್ಕಿಗಳ ಗತಿ ಏನಾಯಿತು ಅನ್ನುವುದೇ ಮುಖ್ಯ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಮನೆಯಂಗಳಗಳಲ್ಲಿ 18 ತಿಂಗಳು ಬ್ರೆಡ್ಡು, ಕಾಳು ಇಟ್ಟು ನಡೆಸಿದ ಪ್ರಯೋಗವೊಂದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಗುಬ್ಬಚ್ಚಿ, ಚುಕ್ಕೆ ಬೆಳವ ಹೆಚ್ಚಿದವು. ಹುಳ ತಿಂದು ಬದುಕುವ ಅಲ್ಲಿನ ಮೂಲನಿವಾಸಿ ಗ್ರೇ ವಾರ್ಬ್ಲರ್ ಕಡಿಮೆಯಾಯಿತು. ಆ ಚುಕ್ಕೆ ಬೆಳವ ಏಷ್ಯಾದಿಂದ ಅಲ್ಲಿಗೆ ಹೋದದ್ದು, ನಮ್ಮ ಬೀದಿಗಳಲ್ಲಿ ದಿನಾ ಕಾಣುವ ಹಕ್ಕಿ. ನಮ್ಮಲ್ಲಿ ಕಾಳಿಗೆ ಮೊದಲು ಇಳಿಯುವುದು ಪಾರಿವಾಳ. ದೇಶದಲ್ಲಿ ಹೆಚ್ಚುತ್ತಿರುವ ಹಕ್ಕಿಗಳ ಸಾಲಿನಲ್ಲಿ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ಅದನ್ನೂ ಸೇರಿಸಿದೆ.

ಹಾಗಾಗಿ ನಾನು ಬೀದಿಗಳನ್ನು ಜೋಡಿಯಾಗಿ ಆರಿಸುತ್ತೇನೆ: ಒಂದರಲ್ಲಿ ಕಾಳು, ಇನ್ನೊಂದರಲ್ಲಿ ಇಲ್ಲ. ಎರಡರ ನಡುವೆ ಅರ್ಧ ಕಿಲೋಮೀಟರಾದರೂ ಅಂತರ ಇರಬೇಕು. ಮರಗಳ ನೆರಳು, ಕಟ್ಟಡದ ಎತ್ತರ, ಕಸ ಸುರಿಯುವ ಜಾಗ ಹೆಚ್ಚುಕಡಿಮೆ ಒಂದೇ ಥರ ಇರಬೇಕು. ಗಸಗಸೆ ಹಣ್ಣಿನ ಮರ ಎಲ್ಲೆಲ್ಲಿದೆ ಎಂದು ನಕ್ಷೆಯಲ್ಲಿ ಗುರುತು ಹಾಕುವುದನ್ನು ಮರೆಯಬಾರದು. ಒಂದೇ ಒಂದು ಮರ ಇದ್ದರೂ ಬದನಿಕೆ ಹಕ್ಕಿ, ಪಿಕಳಾರ, ಕುಟ್ರುಹಕ್ಕಿ ವರ್ಷವಿಡೀ ಅಲ್ಲೇ ಇರುತ್ತವೆ. ಆಮೇಲೆ ಆ ಹೆಚ್ಚಳ ತಟ್ಟೆಯದೋ ಮರದ್ದೋ ಎಂದು ಬಿಡಿಸಲಾಗುವುದಿಲ್ಲ.

ಇದಕ್ಕಿಂತ ಕಷ್ಟದ್ದು, ‘ಹಾಕದ ಬೀದಿ’ ನಿಜಕ್ಕೂ ಹಾಕದ ಬೀದಿಯೇ ಎಂದು ಖಚಿತಪಡಿಸಿಕೊಳ್ಳುವುದು. ಸುತ್ತ 200 ಮೀಟರಿನಲ್ಲಿ ದಿನಸಿ ಅಂಗಡಿ, ದೇವಸ್ಥಾನ, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು, ಎಲ್ಲರನ್ನೂ ಕೇಳಬೇಕು. “ಹಾಕ್ತೀರಾ?” ಅಂದರೆ ತಪ್ಪು ಹುಡುಕಲು ಬಂದಿದ್ದಾರೆ ಅಂದುಕೊಂಡು ಇಲ್ಲ ಅನ್ನುತ್ತಾರೆ. “ಅಮ್ಮಾ, ಈ ಕಡೆ ಯಾರು ಹಾಕ್ತಾರೆ, ಎಷ್ಟು ಹೊತ್ತಿಗೆ?” ಅಂದರೆ ಮಾತು ಬರುತ್ತದೆ. ಪಿತೃಪಕ್ಷದ ದಿನಗಳನ್ನು ನಾನು ಪ್ರತ್ಯೇಕವಾಗಿ ಬರೆದಿಡುತ್ತೇನೆ. ಮಹಾಲಯ ಅಮಾವಾಸ್ಯೆಯ ಸುಮಾರಿಗೆ ಎಡೆಯ ಅನ್ನ ಮಾಳಿಗೆಗಳ ಮೇಲೆ ಬೀಳುವುದರಿಂದ ಆಗಿನ ಕಾಗೆಗಳ ಲೆಕ್ಕವನ್ನು ಬೇರೆ ದಿನಗಳ ಜೊತೆ ಸೇರಿಸುವಂತಿಲ್ಲ.

ಕಾಳು ಇಡುವ ಮೊದಲೇ ಎಣಿಕೆ ಶುರುವಾಗಬೇಕು, ಹೋಲಿಸುವಾಗ ತಿಂಗಳು ಅದೇ ಇರಬೇಕು. ಚಳಿಗಾಲದಲ್ಲಿ ಉಲಿಯಕ್ಕಿಗಳಂಥ ವಲಸೆ ಹಕ್ಕಿಗಳು ಬಂದಿರುತ್ತವೆ, ಮೇ ಹೊತ್ತಿಗೆ ಹೋಗಿರುತ್ತವೆ. ಜನವರಿಯನ್ನು ಮೇಗೆ ಹೋಲಿಸಿ ‘ಕಾಳಿನಿಂದ ಕಡಿಮೆಯಾಯಿತು’ ಅಂದರೆ ಅದು ಸುಳ್ಳು ಫಲಿತಾಂಶ. ಸೂರ್ಯೋದಯದಿಂದ ಎಂಟೂವರೆಯೊಳಗೆ ಎಣಿಸುತ್ತೇನೆ. ಜಾಗದಲ್ಲಿ ಎರಡು ನಿಮಿಷ ಸುಮ್ಮನೆ ನಿಂತು, ಆಮೇಲೆ 10 ನಿಮಿಷ, ಸುತ್ತ 25 ಮೀಟರಿನೊಳಗೆ ಕಂಡದ್ದು, ಕೇಳಿದ್ದು. ಮೇಲೆ ಹಾರಿಹೋಗುವ ಹದ್ದು, ಗಿಳಿಗಳಿಗೆ ಬೇರೆ ಕಾಲಂ. ಪ್ರತಿ ಎಣಿಕೆಗೂ ಗದ್ದಲದ ಮಟ್ಟ ಬರೆಯಬೇಕು: ಬಸ್ಸು, ಆಟೋ ಸದ್ದಿನಲ್ಲಿ ಟುವ್ವಿಯ ಕೂಗು ಮುಚ್ಚಿಹೋಗುತ್ತದೆ, ಕಣ್ಣಿಗೆ ಬೀಳುವ ಪಾರಿವಾಳ ಮಾತ್ರ ಲೆಕ್ಕಕ್ಕೆ ಸಿಗುತ್ತದೆ.

ತಟ್ಟೆಯಲ್ಲಿ ಮಾತ್ರ ಕ್ರಮ ಬೇರೆ. ಅದೇ ಗುಬ್ಬಚ್ಚಿ ಹತ್ತು ಸಲ ಬಂದು ಹೋಗುತ್ತದೆ. ಹಾಗಾಗಿ ಒಟ್ಟು ಭೇಟಿಗಳನ್ನು ಕೂಡಿಸದೆ, ಏಕಕಾಲಕ್ಕೆ ಕಂಡ ಗರಿಷ್ಠ ಸಂಖ್ಯೆಯನ್ನು ಬರೆಯುತ್ತೇನೆ. ಹಳೆಯ ಮೊಬೈಲನ್ನು ಕಿಟಕಿಗೆ ಕಟ್ಟಿ ನಿಮಿಷಕ್ಕೊಂದು ಫೋಟೋ ತೆಗೆಯುವಂತೆ ಮಾಡಿದರೆ ಸಾಕು. ಒಂದೊಂದು ಹಕ್ಕಿಯನ್ನೂ ಗುರುತಿಸಲು ಹಿಡಿದು ಕಾಲಿಗೆ ಉಂಗುರ ತೊಡಿಸಬೇಕೆಂದರೆ 1972ರ ವನ್ಯಜೀವಿ ಕಾಯ್ದೆಯಡಿ ಅನುಮತಿ ಬೇಕು; ಪಾರಿವಾಳಗಳನ್ನು ಗುರುತಿಸಲು ಉಂಗುರದ ಅಗತ್ಯವೂ ಇಲ್ಲ. ರೆಕ್ಕೆಯ ಪಟ್ಟೆ, ಚೌಕಳಿ, ಬಿಳಿ ಗರಿ, ದಾರ ಸುತ್ತಿಕೊಂಡು ತುಂಡಾದ ಬೆರಳು, ಇವನ್ನು ಚಿತ್ರ ಬರೆದಿಟ್ಟುಕೊಂಡರೆ ಸುಮಾರು ಹಕ್ಕಿಗಳನ್ನು ಒಂದೊಂದಾಗಿ ಗುರುತು ಹಿಡಿಯಬಹುದು.

ಬೆಳಿಗ್ಗೆ 200 ಗ್ರಾಂ ತೂಗಿ ಇಡುತ್ತೇನೆ: ಸಜ್ಜೆ, ನವಣೆ, ಅಕ್ಕಿ ನುಚ್ಚು. ಸಂಜೆ ಐದಕ್ಕೆ ಉಳಿದದ್ದನ್ನು ಮತ್ತೆ ತೂಗುತ್ತೇನೆ. ರಾತ್ರಿ ಬಿಟ್ಟರೆ ಹೆಗ್ಗಣ ತಿಂದದ್ದೂ ಹಕ್ಕಿಯ ಲೆಕ್ಕಕ್ಕೆ ಸೇರುತ್ತದೆ. ಮಳೆಗಾಲದಲ್ಲಿ ಕಾಳು ತೇವ ಹೀರಿ ತೂಕ ಏರುತ್ತದೆ. ಅದಕ್ಕೆ ಪಕ್ಕದಲ್ಲೇ ಸಣ್ಣ ಕಣ್ಣಿನ ಜಾಲರಿ ಮುಚ್ಚಿದ ಇನ್ನೊಂದು ತಟ್ಟೆಯಲ್ಲಿ ಅಷ್ಟೇ ಕಾಳು ಇಟ್ಟು, ಅದರ ತೂಕ ಎಷ್ಟು ಏರಿತೋ ಅಷ್ಟನ್ನು ಸರಿದೂಗಿಸುತ್ತೇನೆ. ಗುಬ್ಬಚ್ಚಿಗೆ ಮಾತ್ರ ಕಾಳು ಸಿಗಬೇಕಿದ್ದರೆ ತಟ್ಟೆಯ ಸುತ್ತ 4 ಸೆಂಟಿಮೀಟರ್ ಕಣ್ಣಿನ ತಂತಿ ಜಾಲರಿ ಬೇಕು. ಪಾರಿವಾಳ ಒಳಗೆ ಬರಲಾರದು. ಅಳಿಲು ನುಸುಳಬಹುದು, ಫೋಟೋಗಳಲ್ಲಿ ಅದನ್ನು ಬೇರೆಯಾಗಿ ಎಣಿಸಬೇಕು.

ಸ್ವಚ್ಛತೆಯಲ್ಲಿ ಯಾವ ರಿಯಾಯಿತಿಯೂ ಇಲ್ಲ. ಪಾರಿವಾಳದ ಗಂಟಲಲ್ಲಿ ಇರುವ ಟ್ರೈಕೊಮೊನಾಸ್ ಎಂಬ ಏಕಕೋಶ ಪರಾವಲಂಬಿ ಒದ್ದೆ ಕಾಳು, ನೀರಿನ ಮೂಲಕ ಬೇರೆ ಹಕ್ಕಿಗೆ ದಾಟುತ್ತದೆ. ಬ್ರಿಟನ್ನಿನಲ್ಲಿ 2005ರ ನಂತರ ಗ್ರೀನ್‌ಫಿಂಚ್ ಹಕ್ಕಿಗಳ ಸಂಖ್ಯೆ ಕುಸಿದದ್ದು ಈ ರೋಗದಿಂದಲೇ. ತಟ್ಟೆಯನ್ನು ಮೊದಲು ಸೋಪು ಹಾಕಿ ಉಜ್ಜಬೇಕು, ಹಿಕ್ಕೆ ಅಂಟಿದ್ದರೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಆಮೇಲೆ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು, 10 ನಿಮಿಷ ನೆನೆಸಿ, ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಬೇಕು. ಒಣಗಿದ ಹಿಕ್ಕೆಯನ್ನು ಗುಡಿಸಬಾರದು. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ಒರೆಸಬೇಕು. ಆ ಧೂಳನ್ನು ಮತ್ತೆ ಮತ್ತೆ ಉಸಿರಾಡಿದರೆ ಅಲರ್ಜಿಯಿಂದ ಶ್ವಾಸಕೋಶ ಊದಿಕೊಳ್ಳಬಹುದು. ನೀರಿನ ಬಟ್ಟಲನ್ನು ದಿನಾ ಬದಲಿಸಿದರಷ್ಟೇ ಸಾಲದು, ಒಳಗೋಡೆ ಉಜ್ಜಬೇಕು. ಡೆಂಗಿ ಸೊಳ್ಳೆ ಮೊಟ್ಟೆ ಅಂಟಿಸುವುದು ನೀರಿನ ಅಂಚಿಗೇ.

ಅನೇಕರು ಕೈಬಿಡುವ ಹಂತವೆಂದರೆ ನಿಲ್ಲಿಸಿದ ಮೇಲಿನ ಎಣಿಕೆ. ಆಕ್ಲೆಂಡ್‌ನಲ್ಲಿ ಕಾಳು ನಿಂತ ಮೇಲೆ ಬದಲಾವಣೆಗಳು ಬಹುಪಾಲು ಹಿಂದಕ್ಕೆ ಸರಿದವು. ಅದು ಗೊತ್ತಾದದ್ದು ಅವರು ಎಣಿಸುತ್ತಲೇ ಇದ್ದುದರಿಂದ. ನಾನು ಒಂದೇ ದಿನ ನಿಲ್ಲಿಸುವುದಿಲ್ಲ. ವಾರಕ್ಕೆ ಕಾಲು ಭಾಗದಂತೆ ಇಳಿಸಿ, ಪೂರ್ತಿ ನಿಂತ ಮೇಲೆ ಕನಿಷ್ಠ ಒಂದು ಮರಿ ಮಾಡುವ ಕಾಲ ಮುಗಿಯುವವರೆಗೆ ಅದೇ ಜಾಗಗಳಲ್ಲಿ ಎಣಿಸುತ್ತೇನೆ. ಆ ಅವಧಿಯಲ್ಲಿ ಹಕ್ಕಿಗಳು ಹಸಿದವೆಂದು ಅಕ್ಕಪಕ್ಕದವರು ತಾವೇ ಹಾಕಲು ಶುರು ಮಾಡುವುದುಂಟು. ಅದಕ್ಕಾಗಿ ಸುತ್ತ 200 ಮೀಟರಿನಲ್ಲಿ ಯಾರು ಹಾಕುತ್ತಾರೆ ಎಂಬ ನಕ್ಷೆಯನ್ನು ತಿಂಗಳಿಗೊಮ್ಮೆ ಹೊಸದಾಗಿ ಮಾಡಬೇಕು.