ಭಾನುವಾರ ಚುಕ್ಕಿ, ರಾತ್ರಿ ಎಳೆ: ನನ್ನ ಮಂಡಲ ಪುಸ್ತಕ

ಮಂಡಲ, ಅಂದ್ರೆ ನಡುವಿನಿಂದ ಸುತ್ತುಸುತ್ತಾಗಿ ದಳ ಹಾಕ್ತಾ ಹೋಗೋ ವೃತ್ತದ ಚಿತ್ರ, ಬಿಡಿಸಿದ್ರೆ ಮನಸ್ಸು ಶಾಂತ ಆಗತ್ತೆ ಅಂತ ಕೇಳಿ ಶುರು ಮಾಡಿದೋಳು ನಾನು, ಆದ್ರೆ ಮೊದಲ ಎರಡು ವಾರ ನಂಗೆ ಬಂದಿದ್ದು ಬರೀ ಸಿಟ್ಟು.

ಹೋದ ವರ್ಷ ಅಮ್ಮ ಜಾರಿ ಬಿದ್ದು ಸೊಂಟದ ಆಪರೇಶನ್ ಆಯ್ತು. ರಾತ್ರಿ ಎರಡು ಮೂರು ಸಲ ಅವಳನ್ನ ಎಬ್ಬಿಸಿ ಬಾತ್‌ರೂಮಿಗೆ ಕರ್ಕೊಂಡ್ ಹೋಗ್ಬೇಕು, ಅವಳು ಮತ್ತೆ ಮಲಗ್ತಿದ್ಲು, ನಂಗೆ ಮಾತ್ರ ನಿದ್ದೆ ಹಾರೋಗೋದು, ಫೋನ್ ಹಿಡ್ಕೊಂಡ್ರೆ ಬೆಳಗಿನ ಜಾವ ನಾಲ್ಕು ಗಂಟೆ. ಅದನ್ನ ಬಿಡ್ಬೇಕು ಅಂತ ಮಗಳ ಹಳೇ ಜಾಮಿಟ್ರಿ ಬಾಕ್ಸು, ಒಂದು ಎ5 ಸ್ಕೆಚ್‌ಬುಕ್ಕು ತಲೆದಿಂಬಿನ ಹತ್ರ ಇಟ್ಕೊಂಡೆ.

ಈಗ ಯೋಚ್ನೆ ಮಾಡಿ, ರಾತ್ರಿ ಎರಡು ಗಂಟೆಗೆ, ಕಣ್ಣು ಉರೀತಾ ಇರೋವಾಗ, ಪ್ರೊಟ್ರಾಕ್ಟರ್ ಇಟ್ಟು 30 ಡಿಗ್ರಿಗೊಂದು ಗುರುತು ಹಾಕ್ತಾ ಹೋಗೋದು. ಒಂದು ಗುರುತು ಕೂದಲೆಳೆಯಷ್ಟು ಸರಿದ್ರೂ ಸುತ್ತು ಮುಗಿಯೋ ಹೊತ್ತಿಗೆ ಹನ್ನೆರಡನೇ ಭಾಗ ಸಣ್ಣದಾಗಿ ಉಳ್ದಿರತ್ತೆ. ಅಳಿಸೋದು, ಮತ್ತೆ ಹಾಕೋದು, ಪೇಪರ್ ಜುಂಗು ಎದ್ದು ಹೋಗೋದು, ಕೊನೆಗೆ ಹರಿದು ಎಸೆಯೋದು. ಹಂಗೆ ಎಷ್ಟು ಹಾಳೆ ಹರಿದೆ ಅಂತ ಲೆಕ್ಕ ಇಟ್ಟಿಲ್ಲ.

ಒಂದಿನ ಅಮ್ಮ ಮಲಗಿದ್ದಲ್ಲಿಂದಾನೇ ನೋಡಿ ಹೇಳಿದ್ಲು, "ಚುಕ್ಕಿ ಇಡೋ ಹೊತ್ತೇ ಬೇರೆ ಕಣೆ, ಎಳೆ ಎಳೆಯೋ ಹೊತ್ತೇ ಬೇರೆ. ಎರಡನ್ನೂ ಒಟ್ಟಿಗೆ ಮಾಡೋಕೆ ಹೋಗ್ತಿದೀಯ." ನಲವತ್ತು ವರ್ಷ ದಿನಾ ಬಾಗಿಲ ಮುಂದೆ ರಂಗೋಲಿ ಹಾಕಿದ ಕೈ ಅವಳದ್ದು. ಚುಕ್ಕಿ ಇಡೋವಾಗ ಎಣಿಸ್ಬೇಕು, ಮಾತಾಡೋ ಹಂಗಿಲ್ಲ, ಆದ್ರೆ ಚುಕ್ಕಿ ಪೂರ್ತಿ ಬಿದ್ಮೇಲೆ ಕೈ ತಾನೇ ಹೋಗತ್ತೆ.

ಅವತ್ತಿಂದ ನಾನು ಮಾಡಿದ್ದು ಇದೊಂದೇ ಬದಲಾವಣೆ. ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ, ಬೆಳಕಿರೋವಾಗ, ಏಳು ಪುಟಕ್ಕೆ ಬರೀ ಪೆನ್ಸಿಲ್ ಗೆರೆ ಹಾಕಿಡ್ತೀನಿ. ರಾತ್ರಿ ಎದ್ದಾಗ ಪೆನ್ನು ಮಾತ್ರ.

ಪ್ರೊಟ್ರಾಕ್ಟರ್ ಬಿಟ್ಟೇಬಿಟ್ಟೆ. ಕೈವಾರದಲ್ಲಿ ಒಂದು ವೃತ್ತ ಎಳೆದು, ಅದೇ ಅಳತೆಯನ್ನ ಬದಲಾಯಿಸದೇ ಅಂಚಿನ ಮೇಲೆ ಹೆಜ್ಜೆ ಹಾಕಿಸ್ತಾ ಹೋದ್ರೆ ಸರಿಯಾಗಿ ಆರು ಹೆಜ್ಜೆಗೆ ಶುರು ಮಾಡಿದ ಜಾಗಕ್ಕೆ ಬಂದು ಸೇರತ್ತೆ, ಅದನ್ನ ಅರ್ಧ ಮಾಡಿದ್ರೆ ಹನ್ನೆರಡು. ಎಂಟು, ಹದಿನಾರು ಬೇಕಂದ್ರೆ ಪ್ಲಸ್ ಗುರುತು ಹಾಕಿ ಅರ್ಧ ಮಾಡ್ತಾ ಹೋಗೋದು. ಆಮೇಲೆ ಒಂದೊಂದು ಸೆಂಟಿಮೀಟರ್ ಬಿಟ್ಟು ಐದು ಸುತ್ತು. ಪೆನ್ಸಿಲ್ 2ಎಚ್, ಅಂದ್ರೆ ತೆಳು ಗೆರೆ ಬೀಳೋ ಗಟ್ಟಿ ಪೆನ್ಸಿಲ್, ಅದೂ ಒತ್ತದೇ. ಕೈವಾರದ ಮುಳ್ಳು ಪುಟ ತೂತು ಮಾಡತ್ತೆ, ಅದಕ್ಕೆ ನಡುವಲ್ಲಿ ಒಂದು ಚೂರು ಪೇಪರ್ ಟೇಪ್ ಅಂಟಿಸ್ಕೊಳ್ಳಿ, ಗೆರೆ ಮುಗಿದ್ಮೇಲೆ ನಿಧಾನಕ್ಕೆ ಕಿತ್ತುಬಿಡಿ.

ಪೆನ್ನಿನ ವಿಷಯಕ್ಕೆ ಬಂದ್ರೆ ಜೆಲ್ ಪೆನ್ನಲ್ಲಿ ಶುರು ಮಾಡಿ ಕೈಯೆಲ್ಲಾ ಮಸಿ ಆಗಿತ್ತು, ಈಗ ಪಿಗ್ಮಾ ಮೈಕ್ರಾನ್ ಅನ್ನೋ ಸಣ್ಣ ಮೊನೆಯ ಪೆನ್ನು, ತೆಳು ಗೆರೆಗೆ 01, ದಪ್ಪಕ್ಕೆ 05, ಎರಡೇ. ಪೇಪರ್ 150 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಗೆ ಇಷ್ಟು ಗ್ರಾಂ ಅನ್ನೋ ಲೆಕ್ಕ) ಇದ್ರೆ ಮಸಿ ಹಿಂದಕ್ಕೆ ಇಳಿಯಲ್ಲ. ಸ್ಪೈರಲ್ ಬೈಂಡಿಂಗೇ ತಗೊಳ್ಳಿ ಅಂತ ನಾನು ಒತ್ತಿ ಹೇಳ್ತೀನಿ, ಯಾಕಂದ್ರೆ ತಿರುಗ್ಬೇಕಾಗಿದ್ದು ಪುಸ್ತಕ, ಕೈಯಲ್ಲ. ಪ್ರತೀ ದಳವನ್ನೂ ನನ್ನ ಎದೆ ಕಡೆಗೆ ತಿರುಗಿಸ್ಕೊಂಡೇ ಬಿಡಿಸ್ತೀನಿ, ಆಗ ಎಲ್ಲಾ ದಳಾನೂ ಒಂದೇ ಗೆರೆ, ಒಂದೇ ಕೈ ಚಲನೆ.

ಮೊದಲ ಮೂರು ದಳ ಬಿಡಿಸೋವಾಗ ತಲೆ ಇನ್ನೂ ಓಡ್ತಿರತ್ತೆ, ಫಿಸಿಯೋಥೆರಪಿ ದುಡ್ಡು, ನಾಳೆ ಆಫೀಸಿಗೆ ಏನು ಹೇಳೋದು, ಹಿಂಗೆ. ಐದನೇದೋ ಆರನೇದೋ ಬರೋ ಹೊತ್ತಿಗೆ ಇನ್ನೇನೂ ತೀರ್ಮಾನ ಮಾಡೋದು ಉಳಿದಿರಲ್ಲ, ಹಿಂದಿನ ದಳ ನೋಡ್ಕೊಂಡು ಅದೇ ಥರ ಇನ್ನೊಂದು ಹಾಕಿದ್ರೆ ಸಾಕು. ನಂಗೆ ಉಸಿರು ಇಳಿಯೋದು ಅಲ್ಲೇ. ಅದಕ್ಕೇ ರಾತ್ರಿಗೆ ಒಂದು ಸುತ್ತು ಮಾತ್ರ, ಚಿತ್ರ ಮುಗಿಸೋ ಆಸೆ ಇಟ್ಕೊಳ್ಳಲ್ಲ.

ಆಮೇಲೆ ಓದಿದಾಗ ಗೊತ್ತಾಯ್ತು, ಅಮೆರಿಕದಲ್ಲಿ ಕರಿ ಮತ್ತು ಕ್ಯಾಸರ್ ಅನ್ನೋರು 2005ರಲ್ಲಿ 84 ಜನ ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದ್ರು. ಕೆಲವರಿಗೆ ಬಣ್ಣ ತುಂಬೋಕೆ ಮಂಡಲ, ಕೆಲವರಿಗೆ ಚೌಕಳಿ ವಿನ್ಯಾಸ, ಕೆಲವರಿಗೆ ಖಾಲಿ ಹಾಳೆ. ಮಂಡಲದವರಿಗೂ ಚೌಕಳಿಯವರಿಗೂ ಆತಂಕ ಇಳೀತು, ಖಾಲಿ ಹಾಳೆಯವರಿಗೆ ಅಷ್ಟು ಇಳೀಲಿಲ್ಲ. ಅಂದ್ರೆ ಮಂಡಲದಲ್ಲೇ ಏನೋ ಮಂತ್ರ ಇದೆ ಅಂತಲ್ಲ, ಮೊದಲೇ ಹಾಕಿರೋ ಗೆರೆ ಇತ್ತಲ್ಲ, ಅದು ಮುಖ್ಯ ಅಂತ ನಂಗನ್ಸತ್ತೆ. ಟಿಬೆಟಿನ ಭಿಕ್ಷುಗಳು ಮರಳಿನ ಮಂಡಲ ಮಾಡೋ ವಿಡಿಯೋ ನೋಡಿ, ಅವರೂ ಮೊದಲು ಅಳತೆ ಗೆರೆ ಪೂರ್ತಿ ಹಾಕ್ತಾರೆ, ಆಮೇಲೇ ಚಕ್‌ಪುರ್ ಅನ್ನೋ ಲೋಹದ ಕೊಳವೆ ಉಜ್ಜಿ ಉಜ್ಜಿ ನಡುವಿನಿಂದ ಹೊರಕ್ಕೆ ಮರಳು ಸುರಿಸ್ತಾ ಬರ್ತಾರೆ.

ಅವರು ಮುಗಿದ್ಮೇಲೆ ಗುಡಿಸಿಬಿಡ್ತಾರೆ, ಅಮ್ಮನ ರಂಗೋಲಿನೂ ಮಾರನೇ ದಿನ ಪೊರಕೆಗೇ ಹೋಗೋದು. ನನ್ನದು ಪುಸ್ತಕ, ಉಳಿಯತ್ತೆ. ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ 1918-19ರಲ್ಲಿ ದಿನಾ ಬೆಳಿಗ್ಗೆ ನೋಟ್‌ಬುಕ್ಕಲ್ಲಿ ಒಂದು ಚಿಕ್ಕ ವೃತ್ತದ ಚಿತ್ರ ಬಿಡಿಸಿಡ್ತಿದ್ರಂತೆ, ಅದನ್ನ ಓದಿದ್ಮೇಲೆ ನಾನೂ ಮೂಲೆಯಲ್ಲಿ ತಾರೀಖು ಹಾಕ್ತೀನಿ, ಹಾಳೆ ಹರಿಯೋದು ನಿಲ್ಲಿಸಿದೀನಿ. ಅಮ್ಮಂಗೆ ಜ್ವರ ಬಂದ ವಾರದ ದಳಗಳು ಚೂಪು ಚೂಪಾಗಿವೆ, ಅವೂ ಇರ್ಲಿ.

ಈಗ ಮೂರನೇ ಪುಸ್ತಕ ನಡೀತಿದೆ. ಅಮ್ಮ ವಾಕರ್ ಹಿಡ್ಕೊಂಡು ಓಡಾಡ್ತಾಳೆ, ಬಗ್ಗಿ ರಂಗೋಲಿ ಹಾಕೋ ಹಂಗಿಲ್ಲ. ಹೋದ ಭಾನುವಾರ ಕುರ್ಚಿ ಎಳ್ಕೊಂಡು ಕೂತು, ನನ್ನ ಪುಸ್ತಕದಲ್ಲೇ 15ರಿಂದ 8ರವರೆಗೆ ಸಂದು ಚುಕ್ಕಿ (ಒಂದು ಸಾಲಿನ ಎರಡು ಚುಕ್ಕಿ ನಡುವಿನ ಸಂದಿಗೆ ಮುಂದಿನ ಸಾಲಿನ ಚುಕ್ಕಿ) ಇಟ್ಲು, ಮಧ್ಯದ ಸಾಲು 15, ಮೇಲಕ್ಕೂ ಕೆಳಕ್ಕೂ ಒಂದೊಂದು ಕಮ್ಮಿ ಆಗ್ತಾ 8ಕ್ಕೆ ನಿಲ್ಲೋದು, ಒಟ್ಟು 169 ಚುಕ್ಕಿ. ನೋಡಿದ್ರೆ ಅದೂ ಆರು ಮೂಲೆ, ನನ್ನ ಕೈವಾರದ ಆರು ಹೆಜ್ಜೆ ಥರಾನೇ. ಸ್ಕೇಲ್ ಮುಟ್ಟಲಿಲ್ಲ ಅವಳು. ಎಳೆ ನೀನು ಎಳಿ ಅಂತ ಪುಸ್ತಕ ನನ್ನ ಕಡೆ ತಳ್ಳಿದಾಳೆ, ಇವತ್ತು ರಾತ್ರಿಗೆ ಅದೇ ಪುಟ.