ಸಾಳ್ ನದಿಯ ದೋಣಿ ಕೆರೆಗೆ ಬಂತು

ಕೆರೆಯಲ್ಲಿ ಸುಮ್ನೆ ತೇಲುತ್ತಾ ಕೂರೋಕೆ ನನಗೆ ಮರದ ದೋಣಿಯೇ ಬೇಕಿತ್ತು. ಫೈಬರ್ ದೋಣಿ ಹಗುರ, ಹಾಗಾಗಿ ಸಣ್ಣ ಗಾಳಿಗೂ ಜಾರಿಕೊಂಡು ಹೋಗುತ್ತದೆ. ಮರದ್ದು ನೀರಲ್ಲಿ ಗಟ್ಟಿಯಾಗಿ ಕೂರುತ್ತದೆ. ಆರಾಮಕ್ಕೆ ಅದೇ ಮುಖ್ಯ ಅಲ್ವಾ?

ನಾನಿರುವುದು ಗೋವಾದ ಮಡಗಾಂವ್‌ನಲ್ಲಿ, ಊರು ಕುಮಟಾ. ಮನೆಯ ಕೊಂಕಣಿ ಇಲ್ಲಿ ಕೆಲಸಕ್ಕೆ ಬಂತು. ಬೇತುಲ್, ಅಸೊಳ್ಣಾ ಕಡೆ ಸಾಳ್ ನದಿಯ ದಂಡೆಯಲ್ಲಿ ಮೀನುಗಾರರನ್ನು ಕೇಳುತ್ತಾ ಹೋದೆ. ಕಡಲಿಗೆ ಇಳಿಯುವ ದೋಣಿಗಳನ್ನು ನೋಡಲಿಲ್ಲ. ಅವು ತೆರೆಗೆ ಎದುರಾಗಲು ಕಟ್ಟಿದವು, ಕೆರೆಗೆ ದೊಡ್ಡದಾಯಿತು. ನಮ್ಮೂರ ಪಾತಿ ದೋಣಿಯಂಥ ನದಿಯ ಸಣ್ಣ ದೋಣಿ ಸಾಕು.

ದಂಡೆಯ ಮೇಲೆ ಬಣ್ಣ ಬಳಿದು ಮಲಗಿಸಿದ್ದ ಒಂದು ಚಂದದ ದೋಣಿ ತೋರಿಸಿದರು. ಪಕ್ಕದಲ್ಲಿ ಬಲೆ ಹೊಲಿಯುತ್ತಿದ್ದ ಹಿರಿಯರು, "ನೀರು ಬಿಟ್ಟ ದೋಣಿ ಬೇಡ ಬಾಬಾ" ಅಂದರು. ಅವರ ಮಾತು ಸರಿ. ಮರ ನೀರು ಕುಡಿದು ಉಬ್ಬಿದಾಗಲೇ ಹಲಗೆಗಳ ಸಂದು ಬಿಗಿಯಾಗುವುದು. ಬಿಸಿಲಲ್ಲಿ ಒಣಗಿದರೆ ಸೀಳು ಬಿಡುತ್ತದೆ. ಮಳೆನೀರು ಒಳಗೆ ನಿಂತರೆ ಕೊಳೆಯುತ್ತದೆ. ಕೊನೆಗೆ ಕೊಂಡಿದ್ದು ಹಿಂದಿನ ದಿನದವರೆಗೂ ಬಲೆ ಹೊತ್ತಿದ್ದ ಹಳೇ ದೋಣಿಯನ್ನು. ಮಾಲೀಕರು ಫೈಬರ್‌ಗೆ ಬದಲಾಗುತ್ತಿದ್ದರು.

ನೋಡುವಾಗ ಬಣ್ಣ ನಂಬಬೇಡಿ. ಚೂರಿಯ ಮೊನೆಯನ್ನು ತಳದಲ್ಲಿ, ಸಂದುಗಳಲ್ಲಿ ಒತ್ತಿ. ಸಲೀಸಾಗಿ ಇಳಿದರೆ ಅಲ್ಲಿ ಮರ ಸತ್ತಿದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಉಪ್ಪುನೀರಲ್ಲಿ ಮರ ಕೊರೆಯುವ ಒಂದು ಜೀವಿ ಇದೆ. ಹುಳುವಿನಂತೆ ಕಂಡರೂ ಅದು ಚಿಪ್ಪಿನ ಜಾತಿಯದು. ಹೊರಗೆ ಸೂಜಿ ತೂತು, ಒಳಗೆ ಬೆರಳಗಲದ ಸುರಂಗ. ಟೊಳ್ಳು ಸದ್ದು ಬಂದರೆ ಬಿಟ್ಟುಬಿಡಿ. ಸಿಹಿನೀರಿಗೆ ಬಂದ ಮೇಲೆ ಅದು ಬದುಕುವುದಿಲ್ಲ. ಆದರೆ ಕೊರೆದಿದ್ದು ಕೊರೆದಂತೆಯೇ.

ಸಂದುಗಳಿಗೆ ಹತ್ತಿ ತುರುಕಿ, ರಾಳ ಮತ್ತು ಎಣ್ಣೆ ಕಾಯಿಸಿ ಮೆತ್ತಿಸಿದೆ. ಹೊರಮೈಗೆ ಗೇರು ಸಿಪ್ಪೆಯ ಎಣ್ಣೆ. ಇದು ಚರ್ಮ ಸುಡುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಲೇಬೇಡಿ.

ಮೀನುಗಾರರು ಒಂದೇ ಹುಟ್ಟಿನಲ್ಲಿ ಸಾಗಿಸುತ್ತಾರೆ. ನನಗೆ ಬೆನ್ನು ಒರಗಿಸಿ ಕೂತು ಎರಡೂ ಕೈಯಲ್ಲಿ ಎಳೆಯಬೇಕಿತ್ತು. ಬಡಗಿಯಿಂದ ಎರಡೂ ಅಂಚಿಗೆ ಗೂಟ ಹೊಡೆಸಿ, ಹುಟ್ಟು ಸಿಕ್ಕಿಸಲು ಹಗ್ಗದ ಕುಣಿಕೆ ಹಾಕಿಸಿದೆ. ಹುಟ್ಟಿನ ಉದ್ದ ದೋಣಿಯ ಅಗಲದ ಎರಡು ಪಟ್ಟಿಗಿಂತ ಚೂರು ಕಡಿಮೆ ಇದ್ದರೆ ಕೈಗೆ ಹಿತ.

ಇಷ್ಟಕ್ಕೂ ಮೊದಲು ಕೆರೆ ಯಾರದು ಅಂತ ವಿಚಾರಿಸಿ. ಗೋವಾದ ಹಲವು ಕೆರೆಗಳು ಕೊಮುನಿದಾದ್‌ಗೆ, ಅಂದರೆ ಊರಿನ ಹಳೇ ಭೂಸಂಘಕ್ಕೆ ಸೇರಿವೆ. ನಾನು ಒಪ್ಪಿಗೆ ಪಡೆದದ್ದೂ ಅಲ್ಲೇ. ದೋಣಿ ನೋಂದಣಿ ಬಗ್ಗೆ ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯಲ್ಲಿ ಕೇಳಿ. ಲೈಫ್ ಜಾಕೆಟ್ ಮಾತ್ರ ದೋಣಿಯ ಜೊತೆಗೇ ಕೊಳ್ಳಿ. ಕೆರೆ ಶಾಂತವಾಗಿ ಕಂಡರೂ ತಳದ ಕೆಸರು, ತಾವರೆ ಬಳ್ಳಿ ಕಾಲು ಬಿಡುವುದಿಲ್ಲ.