ಹಲಸಿನ ಗಿಟಾರ್ ಮತ್ತು ಬೀಟೆ ಕಿವಿಯ ಗೆಳೆಯರು

ಹಲಸಿನ ಮರದಲ್ಲಿ ಗಿಟಾರ್ ಮಾಡ್ತೀನಿ ಅಂದಾಗ ನಮ್ಮ ಗುಂಪಿನವರೆಲ್ಲ ನಕ್ಕಿದ್ದರು. "ಅದು ವೀಣೆಗೆ ಸರಿ ಮಾರಾಯ. ಗಿಟಾರ್‌ಗೆ ಬೀಟೆಯೇ ಬೇಕು, ಇಲ್ದಿದ್ರೆ ಬೇಸ್ ಎಲ್ಲಿಂದ ಬರುತ್ತೆ?" ಹೀಗೆ ಕೇಳಿದವರ ಮನೆಯಲ್ಲೇ ನನ್ನ ಮೂರನೇ ಗಿಟಾರ್ ಮೊನ್ನೆ ಎರಡು ದಿನ ಉಳಿದು ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ. ಹಲಸಿನ ನಾರು ಒಂದೇ ದಿಕ್ಕಿಗೆ ಓಡುವುದಿಲ್ಲ, ಹೆಣೆದುಕೊಂಡಿರುತ್ತದೆ. ತೋಪಡ ಹಾಕಿದರೆ ಒಂದು ಗೇಣು ನುಣುಪು, ಪಕ್ಕದ ಗೇಣು ಕಿತ್ತು ಬರುತ್ತದೆ. ಬಗ್ಗಿಸಿದ ಮೊದಲ ಐದು ಸೈಡ್‌ಗಳಲ್ಲಿ (ಗಿಟಾರ್‌ನ ಪಕ್ಕದ ತೆಳು ಹಲಗೆಗಳು) ಮೂರು ಸೊಂಟದ ತಿರುವಿನಲ್ಲೇ ಪಟ್ ಅಂದವು. ದಪ್ಪ 2.5 ಮಿ.ಮೀ. ಇತ್ತು. ಎರಡಕ್ಕೆ ಇಳಿಸಿದ ಮೇಲೆ ಬಿಸಿ ಪೈಪಿಗೆ ಒಗ್ಗಿದವು. ನೆನೆಸುವ ನೀರಿಗೆ ಅಡುಗೆಮನೆಯ ಒಂದು ವಸ್ತು ಸೇರಿಸುತ್ತೇನೆ. ಯಾವುದು ಅಂತ ಮಾತ್ರ ಕೇಳಬೇಡಿ.

ಎರಡನೇ ತಪ್ಪಿಗೆ ದುಡ್ಡು ಹೋಯಿತು. ಮಲೆನಾಡಿನ ನಮ್ಮ ಸಾಗರದ ಜುಲೈ ಮಳೆಯಲ್ಲಿ, ಗೋಡೆಯೇ ಬೆವರುವ ಕಾಲದಲ್ಲಿ ಟಾಪ್‌ಗೆ, ಅಂದರೆ ಗಿಟಾರ್‌ನ ಮುಂದಿನ ಹಲಗೆಗೆ, ಬ್ರೇಸ್ (ಒಳಗಿನ ಆಧಾರದ ಪಟ್ಟಿ) ಅಂಟಿಸಿದೆ. ಮಾರ್ಚ್ ಬಂತು, ಮರ ಒಣಗಿತು, ತಂತಿ ಸಿಕ್ಕಿಸುವ ಬ್ರಿಡ್ಜ್ ಹಿಂದೆ ಉದ್ದಕ್ಕೂ ಬಿರುಕು. ಆ ಸ್ಪ್ರೂಸ್ ಮರದ ಟಾಪ್ ಹೊರದೇಶದಿಂದ ತರಿಸಿದ್ದು. ಸುಂಕ, ಕೊರಿಯರ್ ಎಲ್ಲ ಸೇರಿ ಎಂಟೋ ಒಂಬತ್ತೋ ಸಾವಿರ. ಉಪಕರಣ ಬಿಟ್ಟು ಆ ಗಿಟಾರ್‌ಗೆ ಒಟ್ಟು 26 ಸಾವಿರದ ಹತ್ತಿರ ಹೋಗಿತ್ತು. ಹೆಂಡತಿಗೆ ಹೇಳಿದ್ದು ಹನ್ನೆರಡು. ಈಗ ಹಳೇ ಬೀರುವಿನೊಳಗೆ ಎರಡು ಬಲ್ಬ್ ಉರಿಸಿ, ನಾನೂರು ರೂಪಾಯಿಯ ತೇವಾಂಶ ಮಾಪಕ ಶೇ. 45ರ ಆಸುಪಾಸು ತೋರಿಸಿದ ಮೇಲೇ ಅಂಟು ಮುಟ್ಟುತ್ತೇನೆ. ನನ್ನ 'ಟೋನ್ ರಹಸ್ಯ'ದಲ್ಲಿ ಅರ್ಧ ಈ ಬೀರುವೇ.

ಟ್ಯಾಪ್ ಟೋನ್, ಅಂದರೆ ಹಲಗೆ ತಟ್ಟಿದಾಗ ಬರುವ ದನಿಯ ವಿಷಯಕ್ಕೆ ಬರೋಣ. ಹಲಗೆಯನ್ನು ಕಿವಿ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಬೆರಳಲ್ಲಿ ತಟ್ಟಿ "ಆಹಾ, ಗಂಟೆ!" ಅನ್ನುವ ಜನ ನಾವೆಲ್ಲ. ಒಮ್ಮೆ ನಾನು ಹೀಗೆ ತಟ್ಟುತ್ತಾ ಕೂತಿದ್ದಾಗ ಅಮ್ಮ ಬಾಗಿಲಲ್ಲಿ ನಿಂತು ಕೇಳಿದಳು: "ಏನಂತೋ, ಹಣ್ಣಾಗಿದ್ಯಾ?" ಅವತ್ತಿನಿಂದ ತಟ್ಟುವುದಕ್ಕಿಂತ ಹೆಚ್ಚಾಗಿ ಬಗ್ಗಿಸಿ ನೋಡುತ್ತೇನೆ. ಹಲಗೆ ಅಂಚಿಗೆ ತೂಕ ಇಟ್ಟು ಎಷ್ಟು ಬಾಗಿತು ಅಂತ ಬರೆದುಕೊಳ್ಳುತ್ತೇನೆ. ಈ ಮೂರನೇ ಗಿಟಾರ್‌ನ ಟಾಪ್ ಸುಮಾರು 2.7 ಮಿ.ಮೀ. ದಪ್ಪಕ್ಕೆ ನಿಂತಿತು. ಬ್ರೇಸ್ ಎಲ್ಲಿ ಕೆತ್ತಿದೆ ಅನ್ನೋದು ಇನ್ನೊಂದು ಗುಟ್ಟು.

ಬೀಟೆ ಭಕ್ತರಿಗೆ ಒಂದು ಮಾತು. 1969ರಲ್ಲಿ ಅಮೆರಿಕದ ಗಿಟಾರ್ ಕಂಪನಿ ಮಾರ್ಟಿನ್ ಬ್ರೆಜಿಲ್‌ನ ರೋಸ್‌ವುಡ್ ಬಿಟ್ಟು ನಮ್ಮ ಬೀಟೆಗೆ ಬಂತು. ಬ್ರೆಜಿಲ್‌ದೇ ಬೇಕು ಅಂತ ಕೊರಗುವವರು ಅಮೆರಿಕದಲ್ಲಿ ಇನ್ನೂ ಇದ್ದಾರೆ. ಅಲ್ಲಿ ನಮ್ಮ ಬೀಟೆ ಎರಡನೇ ದರ್ಜೆ, ಇಲ್ಲಿ ನಮ್ಮ ಹಲಸು ಎರಡನೇ ದರ್ಜೆ! ಸ್ಪೇನ್‌ನ ಗಿಟಾರ್ ತಯಾರಕ ಟೊರೆಸ್ 1862ರಲ್ಲೇ ಬ್ಯಾಕು, ಸೈಡು ಎರಡನ್ನೂ ಕಾಗದದ ರಟ್ಟಿನಲ್ಲಿ ಮಾಡಿ, ದನಿ ಟಾಪ್‌ದು ಅಂತ ತೋರಿಸಿದ್ದ. ನಾವಿನ್ನೂ ಜಗಳ ಆಡ್ತಿದ್ದೀವಿ.

ನಡುವೆ ಒಂದಿಷ್ಟು ಹುಚ್ಚು ಪ್ರಯೋಗ ಮಾಡಿದೆ. ಹೊಸ ಗಿಟಾರ್ ಮುಂದೆ ಸ್ಪೀಕರ್ ಇಟ್ಟರೆ ಅದು 'ತೆರೆದುಕೊಳ್ಳುತ್ತೆ' ಅಂತಾರಲ್ವಾ? ಮೂರು ವಾರ ಇಟ್ಟೆ. ಅಮ್ಮ ಬೆಳಗ್ಗೆ ಬೆಳಗ್ಗೆ ಅದಕ್ಕೆ ದಾಸರ ಪದ ಹಾಕುತ್ತಿದ್ದಳು. ಗಿಟಾರ್‌ಗೆ ಪುಣ್ಯ ಬಂದಿರಬಹುದು, ದನಿ ಮಾತ್ರ ಹಾಗೇ ಇತ್ತು. ಹಳೇ ಕಾಲದವರ ಹಾಗೆ ಮರವಜ್ರ (ಚರ್ಮದಿಂದ ಮಾಡುವ ಅಂಟು) ಕುದಿಸಿಯೂ ಅಂಟಿಸಿದೆ. ಟೋನ್ ಬದಲಾಗಲಿಲ್ಲ, ಎರಡು ದಿನ ಅಡುಗೆಮನೆಗೆ ಯಾರೂ ಬರಲಿಲ್ಲ.

ಕೊನೆಗೆ ಪರೀಕ್ಷೆ. ಹಾಲ್‌ನಲ್ಲಿ ಬೆಡ್‌ಶೀಟ್ ಕಟ್ಟಿ ನುಡಿಸಲು ಅಕ್ಕನ ಮಗನನ್ನು ಹಿಂದೆ ಕೂರಿಸಿದೆ. ಗೆಳೆಯನ ಎಂಬತ್ತು ಸಾವಿರದ ಬೀಟೆ ಗಿಟಾರ್, ನನ್ನ ಹಲಸು, ಒಂದು ಪ್ಲೈವುಡ್ಡು. ಮೂರಕ್ಕೂ ಒಂದೇ ಜಾತಿಯ ಹೊಸ ತಂತಿ. ಕೇಳಲು ಆರು ಜನ. ನಾಲ್ವರು ಹಲಸನ್ನೇ ಬೀಟೆ ಅಂದರು. ಗಿಟಾರ್ ಯಜಮಾನ ಅಂತೂ ಕಣ್ಣು ಮುಚ್ಚಿ, "ಈ ಆಳ ಇದೆಯಲ್ಲ, ಇದು ಬೀಟೆಗೆ ಮಾತ್ರ ಬರೋದು" ಅಂದ. ಹುಡುಗ ಶೀಟ್ ಸರಿಸಿ ಹಲಸಿನ ಗಿಟಾರ್ ಎತ್ತಿ ತೋರಿಸಿದ. ಹಳದಿ ಬ್ಯಾಕ್ ಲೈಟಿಗೆ ಹೊಳೆಯಿತು. ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಯಾರೋ "ಹಾಲ್‌ನ ಟೈಲ್ಸ್ ಸರಿ ಇಲ್ಲ" ಅಂದರು.

ಪ್ಲೈವುಡ್ಡನ್ನು ಮಾತ್ರ ಐದು ಜನ ಸರಿಯಾಗಿ ಗುರುತಿಸಿದರು, ಅದನ್ನೂ ಹೇಳಬೇಕು. ಅದರ ಟಾಪ್ ಕೂಡ ಪ್ಲೈ, ದನಿ ಟಾಪ್‌ದು ತಾನೇ.

ಆ ಗೆಳೆಯ ಎರಡು ದಿನಕ್ಕೆ ಅಂತ ಗಿಟಾರ್ ತಗೊಂಡು ಹೋದ. ವಾಪಸ್ ಕೊಡುವಾಗ ಮೆಲ್ಲಗೆ ಕೇಳಿದ: "ನಿಮ್ಮ ಕೊಟ್ಟಿಗೆಯ ಹಳೇ ಬಾಗಿಲು ಹಲಸಿನದೇ ಅಲ್ವಾ? ಹಾಗೇ ಬಿದ್ದಿದ್ಯಾ?" ನಾಲ್ಕು ಸಾವಿರ ಹೇಳಿದ್ದೇನೆ. ಮೂರಕ್ಕೆ ಕೇಳುತ್ತಿದ್ದಾನೆ.